ಗ್ರಾಮೋದ್ಧಾರದ ಕಾರ್ಯಗಳಲ್ಲಿ ಕಾರ್ಯಕಾರಣ ವಿಚಾರ: ಜಮಖಂಡಿ-ರಬಕವಿ ಸೀಮೆಯ ನೀರಾವರಿಯಿಂದ ಕಲಿಯತಕ್ಕ ಪಾಠ

ಯಾವ ಊರಿನಲ್ಲಿಯಾದರೂ ಒಂದು ಸಾರ್ವಜನಿಕ ಕಾರ್ಯವನ್ನು ಕೈಗೊಳ್ಳುವಾಗ ಚಾವಡಿಯಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳು ಕೇಳಿಬರುವುವು. ಹಣವೆಷ್ಟು ಬೇಕು ಎಂಬುದು ಮೊದಲನೆಯದು. ಕೆಲಸವು ಎಂದಿಗೆ ಮುಗಿದೀತು ಎಂಬುದು ಎರಡನೆಯದು. ಇವೆರಡೂ ಅಗತ್ಯವಾದ ಪ್ರಶ್ನೆಗಳೇ. ಆದರೆ ಮೂರನೆಯ ಪ್ರಶ್ನೆಯೊಂದುಂಟು; ಅದನ್ನು ಕೇಳುವವರು ವಿರಳ. ಕೆಲಸವು ಮುಗಿದ ಮೇಲೆ ನಾವು ಬಯಸಿದ ಫಲವು ಯಾವ ಮಾರ್ಗದಿಂದ, ಯಾವ ಯಾವ ಮೆಟ್ಟಿಲುಗಳನ್ನು ಹತ್ತಿ, ನಮ್ಮ ಮನೆಯ ಬಾಗಿಲಿಗೆ ಬಂದೀತು? ಆ ಮೆಟ್ಟಿಲುಗಳಲ್ಲಿ ಯಾವುದಾದರೂ ಒಂದು ಸಡಿಲವಾಗಿರುವುದೇ? ಈ ಮೂರನೆಯ ಪ್ರಶ್ನೆಯನ್ನು ಕ್ರಮವಾಗಿ ಕೇಳುವ ವಿಧಾನವನ್ನು ಗ್ರಾಮಪ್ರಮುಖರಿಗೂ ಭೂಮಾಲಿಕರಿಗೂ ವಿವರಿಸುವುದೇ ಈ ಲೇಖನದ ಉದ್ದೇಶವು.

ಹೊರದೇಶಗಳಲ್ಲಿ ಬಡತನ, ರೋಗ, ಅನಕ್ಷರತೆಗಳ ನಿವಾರಣೆಗಾಗಿ ಕೆಲಸ ಮಾಡುವ ಸಂಸ್ಥೆಗಳು ಈ ವಿಧಾನವನ್ನು ‘ಥಿಯರಿ ಆಫ್ ಚೇಂಜ್’ ಎಂದು ಕರೆಯುವುವು. ನಾವು ಅದನ್ನು ಮಾರ್ಪಾಟಿನ ಕಾರ್ಯಕಾರಣ ವಿಚಾರವೆನ್ನಬಹುದು. 1969ರ ಸುಮಾರಿನಲ್ಲಿ ಅಮೆರಿಕದ ವಿದೇಶೀ ನೆರವಿನ ಇಲಾಖೆಯು ತನ್ನ ಯೋಜನೆಗಳ ಹೂಟ, ಕೆಲಸ, ಉದ್ದೇಶ, ಗುರಿಗಳನ್ನು ಒಂದೇ ಪಟ್ಟಿಯಲ್ಲಿ ಬರೆದಿಡುವ ಪದ್ಧತಿಯನ್ನು ಹಿಡಿಯಿತು. 1995ರಲ್ಲಿ ಅಲ್ಲಿಯ ವಿದುಷಿ ಕರೋಲ್ ವೈಸ್ ಎಂಬವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪ್ರತಿಯೊಂದು ಯೋಜನೆಯೂ ಬಾಯಿಬಿಟ್ಟು ಹೇಳದ ಕೆಲವು ನಂಬಿಕೆಗಳ ಮೇಲೆ ನಿಂತಿರುವುದೆಂದೂ, ಆ ನಂಬಿಕೆಗಳನ್ನು ಹೊರಗೆಡಹಿ ಒಂದೊಂದನ್ನೂ ಪರೀಕ್ಷಿಸಿದ ಹೊರತು ಯೋಜನೆಯು ಫಲಿಸಿತೋ ಇಲ್ಲವೋ, ಏಕೆ ಫಲಿಸಲಿಲ್ಲವೋ ತಿಳಿಯಲಾರದೆಂದೂ ವಾದಿಸಿದರು. ಅಂದಿನಿಂದ ಈ ವಿಚಾರವು ಅನೇಕ ದೇಶಗಳಲ್ಲಿ ಪ್ರಚಾರಕ್ಕೆ ಬಂದಿರುವುದು.

ಹೆಸರು ಹೊಸದಾದರೂ ಸಂಗತಿಯು ನಮ್ಮವರಿಗೆ ಅಪರಿಚಿತವಾದುದಲ್ಲ. ರಬಕವಿ-ಬನಹಟ್ಟಿಯ ನೇಕಾರನು ಮಗ್ಗದ ಮುಂದೆ ಕುಳಿತುಕೊಳ್ಳುವ ಮೊದಲೇ ಸೀರೆಯ ಅಂಚು ಹೇಗೆ, ಸೆರಗು ಹೇಗೆ ಎಂಬುದನ್ನು ನಿಶ್ಚಯಿಸಿಕೊಂಡು, ಅದಕ್ಕೆ ತಕ್ಕಂತೆ ಹಾಸನ್ನು ಹೂಡುವನು. ಕೊನೆಯನ್ನು ಮೊದಲು ಕಂಡು, ಅಲ್ಲಿಂದ ಹಿಂದಕ್ಕೆ ಬಂದು, ಮೊದಲನೆಯ ಎಳೆಯನ್ನು ಹಿಡಿಯುವುದು ಅವನ ರೀತಿ. ನೇಯುವಾಗ ಎಳೆಯೊಂದು ಹರಿದರೆ ಮಗ್ಗವನ್ನು ನಿಲ್ಲಿಸಿ ಗಂಟು ಹಾಕುವನಲ್ಲದೆ, ಹತ್ತು ಮೊಳ ನೇಯ್ದ ಮೇಲೆ ನೋಡೋಣವೆಂದು ಸುಮ್ಮನಿರುವುದಿಲ್ಲ. ಈ ಲೇಖನದ ಸಾರವೆಲ್ಲವೂ ಇಷ್ಟೇ.

ಚಿಕ್ಕಪಡಸಲಗಿಯ ಉದಾಹರಣೆ

ನಮ್ಮ ಸೀಮೆಯಲ್ಲಿಯೇ ಇದಕ್ಕೆ ಶ್ರೇಷ್ಠವಾದ ನಿದರ್ಶನವಿರುವುದು. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಬಳಿ ಕೃಷ್ಣಾ ನದಿಗೆ ಅಡ್ಡಲಾಗಿ ನಿಂತಿರುವ ‘ಶ್ರಮಬಿಂದು ಸಾಗರ’ವನ್ನು ವಾಚಕರಲ್ಲಿ ಅನೇಕರು ಕಣ್ಣಾರೆ ಕಂಡಿರಬಹುದು. ಮಳೆಗಾಲದಲ್ಲಿ ದಡಮೀರಿ ಹರಿಯುವ ಕೃಷ್ಣೆಯು ಬೇಸಗೆಯಲ್ಲಿ ಬತ್ತಿ, ನದಿಯ ದಂಡೆಯ ಮೇಲಿನ ಹೊಲಗಳೇ ನೀರಿಲ್ಲದೆ ಒಣಗುತ್ತಿದ್ದ ಕಾಲವದು. ಆಗ ನದೀತೀರದ ರೈತರು ಸರಕಾರದ ಬೊಕ್ಕಸಕ್ಕೆ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಮ್ಮತಮ್ಮೊಳಗೆ ವಂತಿಗೆ ಹಾಕಿಕೊಂಡು, ಮೈಮುರಿದು ದುಡಿದು, 1989ರಲ್ಲಿ ಈ ಬ್ಯಾರೇಜನ್ನು ಕಟ್ಟಿ ನಿಲ್ಲಿಸಿದರು. ರೈತರೇ ಸ್ವಂತ ಹಣದಿಂದ ಇಂಥ ಕಟ್ಟಡವನ್ನು ಕಟ್ಟಿದುದು ದೇಶದಲ್ಲಿಯೇ ಹೊಸ ಸಂಗತಿಯೆಂದು ಅದು ಪ್ರಖ್ಯಾತವಾಯಿತು. ನ್ಯಾಮಗೌಡರು ಬ್ಯಾರೇಜಿನ ಕೀರ್ತಿಯಿಂದಲೇ 1991ರಲ್ಲಿ ಬಾಗಲಕೋಟೆ ಕ್ಷೇತ್ರದಿಂದ ಲೋಕಸಭೆಗೆ ಆರಿಸಿಬಂದರು. ಮುಂದೆ ಕೇಂದ್ರದಲ್ಲಿ ಮಂತ್ರಿಗಳೂ ಆದರು. 2018ರಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡರೂ ಅವರ ಹೆಸರು ಆ ನೀರಿನೊಡನೆ ಉಳಿದಿರುವುದು.

ಈ ಮಹಾಕಾರ್ಯವನ್ನು ಇಂದು ನಾವು ಮೆಟ್ಟಿಲುಗಳಾಗಿ ಬಿಡಿಸಿ ನೋಡೋಣ. ಮೊದಲನೆಯದು, ವಂತಿಗೆಯೂ ಶ್ರಮವೂ ಕೂಡಿದರೆ ಕಟ್ಟಡವು ಏಳುವುದು. ಎರಡನೆಯದು, ಕಟ್ಟಡವು ಎದ್ದರೆ ಮಳೆಗಾಲದ ಕೊನೆಯ ನೀರು ನದಿಯ ಪಾತ್ರದಲ್ಲಿ ನಿಲ್ಲುವುದು. ಮೂರನೆಯದು, ನಿಂತ ನೀರನ್ನು ಪಂಪುಗಳು ಎತ್ತಿ ಹೊಲಗಳಿಗೆ ಮುಟ್ಟಿಸುವುವು. ನಾಲ್ಕನೆಯದು, ನೀರು ಮುಟ್ಟಿದ ಹೊಲದಲ್ಲಿ ಬೆಳೆಯು ಹೆಚ್ಚುವುದು. ಐದನೆಯದು, ಹೆಚ್ಚಿದ ಬೆಳೆಯನ್ನು ಕೊಳ್ಳುವವರು ದೊರೆಯುವರು. ಆರನೆಯದು, ಬಂದ ಹಣವು ಸಾಲವನ್ನು ತೀರಿಸಿ ಮನೆಯನ್ನು ಉದ್ಧರಿಸುವುದು. ನದೀತೀರದಲ್ಲಿ ಈ ಆರು ಮೆಟ್ಟಿಲುಗಳೂ ಬಹುಮಟ್ಟಿಗೆ ಗಟ್ಟಿಯಾಗಿದ್ದುವು. ಜೋಳ, ಕುಸುಬೆ, ಹತ್ತಿಗಳ ಸೀಮೆಯಲ್ಲಿ ಕಬ್ಬು ಹಬ್ಬಿತು, ಸಕ್ಕರೆ ಕಾರ್ಖಾನೆಗಳು ಅದನ್ನು ಕೊಂಡುವು, ಗುಡಿಸಲುಗಳಿದ್ದಲ್ಲಿ ಮಾಳಿಗೆಗಳೆದ್ದುವು. ಹಣ ಹಾಕಿದವನೇ ನೀರು ಪಡೆಯುವವನಾದುದರಿಂದ ಕಟ್ಟಡದ ರಕ್ಷಣೆಯ ಚಿಂತೆಯೂ ಅವನದೇ ಆಯಿತು. ಆದುದರಿಂದ ಈ ಕಾರ್ಯವು ಸಫಲವಾಯಿತೆಂದು ಹೇಳಲು ಯಾವ ಸಂಕೋಚವೂ ಬೇಕಿಲ್ಲ.

ಕೇಳದೆ ಉಳಿದ ಪ್ರಶ್ನೆ

ಆದರೆ ನಾಲ್ಕನೆಯ ಮೆಟ್ಟಿಲನ್ನು ಇನ್ನೊಮ್ಮೆ ನೋಡಿರಿ. ‘ನೀರು ಮುಟ್ಟಿದ ಹೊಲದಲ್ಲಿ ಬೆಳೆಯು ಹೆಚ್ಚುವುದು.’ ಈ ಮಾತು ನಿಜವೇ; ಆದರೆ ಒಂದು ಷರತ್ತಿಗೆ ಒಳಪಟ್ಟು ನಿಜವು. ಬೆಳೆ ಕುಡಿದು ಉಳಿದ ನೀರು ಹೊಲದಿಂದ ಹೊರಗೆ ಹೋಗುತ್ತಿರಬೇಕು. ಕೃಷ್ಣಾ, ಘಟಪ್ರಭಾ ನದಿಗಳ ಬಯಲಿನ ಆಳವಾದ ಎರೆಭೂಮಿಯ ಗುಣವನ್ನು ಬಲ್ಲ ಯಾರಿಗೂ ಈ ಷರತ್ತಿನ ಕಷ್ಟವು ತಿಳಿಯದಿರದು. ಎರೆಮಣ್ಣು ನೀರನ್ನು ಹಿಡಿದಿಡುವುದರಲ್ಲಿ ಎಷ್ಟು ಸಮರ್ಥವೋ ಬಿಟ್ಟುಕೊಡುವುದರಲ್ಲಿ ಅಷ್ಟೇ ಜಿಪುಣವು. ಮಳೆಯನ್ನೇ ನಂಬಿದ್ದ ಕಾಲದಲ್ಲಿ ಈ ಗುಣವು ಹಿಂಗಾರು ಬೆಳೆಗೆ ವರವಾಗಿದ್ದಿತು. ವರ್ಷವಿಡೀ ಹಾಯಿಸುವ ಕಾಲದಲ್ಲಿ ಅದೇ ಶಾಪವಾಯಿತು.

ವರ್ಷಗಟ್ಟಲೆ ಇಂಗಿದ ನೀರಿನಿಂದ ನೆಲದೊಳಗಿನ ನೀರಿನ ಮಟ್ಟವು ಮೆಲ್ಲಮೆಲ್ಲನೆ ಮೇಲೇರುವುದು. ಅದು ನೆಲದಿಂದ ಒಂದೂವರೆ ಎರಡು ಮೀಟರುಗಳ ಒಳಗೆ ಬಂದಿತೆಂದರೆ, ದೀಪದ ಬತ್ತಿಯು ಎಣ್ಣೆಯನ್ನು ಹೀರುವಂತೆ ಮಣ್ಣು ಆ ನೀರನ್ನು ಮೇಲಕ್ಕೆಳೆಯುವುದು. ಬಿಸಿಲಿಗೆ ನೀರು ಆರಿಹೋಗುವುದು. ನೀರಿನೊಡನೆ ಬಂದ ಉಪ್ಪು ಮಾತ್ರ ಮೇಲೆ ಉಳಿಯುವುದು. ಮೊದಲು ಹೊಲದ ತಗ್ಗಿನ ಮೂಲೆಯಲ್ಲಿ ಕಬ್ಬು ಹಳದಿಯಾಗಿ ಗಿಡ್ಡಾಗುವುದು. ಮರುವರ್ಷ ಅಲ್ಲಲ್ಲಿ ಬಿಳಿಯ ಪುಡಿಯು ಕಾಣುವುದು. ಕೆಲವು ವರ್ಷಗಳಲ್ಲಿ ಹೊಲವು ಸವಳಾಗಿ, ಜವಳಾಗಿ, ಬಿತ್ತಿದ ಬೀಜವೂ ಮೊಳೆಯದಂತಾಗುವುದು. ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ನೀರಾವರಿ ಬಯಲುಗಳಲ್ಲಿ ಈ ವ್ಯಾಧಿಯು ಹಬ್ಬಿರುವುದನ್ನು ಭೂಮಾಲಿಕರು ಬಲ್ಲರು.

ಇಲ್ಲಿ ಬೆಳೆಯ ಆಯ್ಕೆಯೂ ವಿಚಾರಣೀಯವಾದುದು. ಬೆಳೆಗಳ ಉಪ್ಪು ಸಹಿಸುವ ಶಕ್ತಿಯನ್ನು ಶಾಸ್ತ್ರಜ್ಞರು ಮಣ್ಣಿನ ದ್ರವದ ವಿದ್ಯುದ್ವಾಹಕತೆಯಿಂದ ಅಳೆಯುವರು. ಆ ಅಳತೆಯು ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಮಣ್ಣನ್ನು ಸವಳೆಂದು ಗಣಿಸುವರು. ಹತ್ತಿಯು 7.7ರ ವರೆಗೂ, ಜೋಳವು 6.8ರ ವರೆಗೂ, ಗೋಧಿಯು 6ರ ವರೆಗೂ ಇಳುವರಿ ಕುಂದದೆ ತಾಳಬಲ್ಲುವು. ಕಬ್ಬಾದರೋ 1.7ನ್ನು ದಾಟಿದ ಕೂಡಲೇ ಕುಂದತೊಡಗುವುದು. ಮುಂದೆ ಪ್ರತಿಯೊಂದು ಅಳತೆಗೆ ನೂರಕ್ಕೆ ಸುಮಾರು 6ರಂತೆ ಇಳಿಯುವುದು. ಎಂದರೆ ಹೊಲವು ಸವಳೆಂದು ಹೆಸರು ಪಡೆಯುವ ಹೊತ್ತಿಗಾಗಲೇ ಕಬ್ಬಿನ ಇಳುವರಿಯಲ್ಲಿ ಏಳರಲ್ಲಿ ಒಂದು ಪಾಲು ಹೋಗಿಬಿಟ್ಟಿರುವುದು. ನೀರನ್ನು ಅತಿ ಹೆಚ್ಚಾಗಿ ಬೇಡುವ ಬೆಳೆಯೇ, ಅತಿ ನೀರಿನಿಂದಾಗುವ ಕೇಡನ್ನು ಅತಿ ಕಡಿಮೆ ತಾಳುವ ಬೆಳೆಯಾಗಿರುವುದು.

ಇದರಿಂದ ಬ್ಯಾರೇಜು ಕಟ್ಟಿದುದೇ ತಪ್ಪೆಂದು ಯಾರೂ ಭಾವಿಸತಕ್ಕದ್ದಲ್ಲ. ನೀರು ಬಾರದೆ ಇದ್ದಿದ್ದರೆ ಈ ಸೀಮೆಯ ಬಡತನವೂ ತೊಲಗುತ್ತಿರಲಿಲ್ಲ. ನೀರು ಬರುವ ದಾರಿಯನ್ನು ಅಷ್ಟು ಶ್ರದ್ಧೆಯಿಂದ ಕಟ್ಟಿದ ನಾವು, ನೀರು ಹೋಗುವ ದಾರಿಯನ್ನು ಅಷ್ಟೇ ಶ್ರದ್ಧೆಯಿಂದ ಕಟ್ಟಲಿಲ್ಲವೆಂಬುದಷ್ಟೇ ಇಲ್ಲಿಯ ಮಾತು. ಮೆಟ್ಟಿಲುಗಳನ್ನು ಕಾಗದದ ಮೇಲೆ ಬರೆದು, ಪ್ರತಿಯೊಂದರ ಕೆಳಗೆ ‘ಇದು ನಿಜವಾಗಬೇಕಾದರೆ ಮತ್ತೇನು ನಿಜವಾಗಿರಬೇಕು?’ ಎಂದು ಕೇಳಿದ್ದರೆ, ಬಸಿಗಾಲುವೆಯ ಮಾತು ಮೊದಲ ದಿನವೇ ಬರುತ್ತಿದ್ದಿತು.

ಹೊರಗಿನ ಎರಡು ದೃಷ್ಟಾಂತಗಳು

ಇಂಥ ಮರೆವು ನಮ್ಮಲ್ಲಿ ಮಾತ್ರ ಆದುದಲ್ಲ. ಬಾಂಗ್ಲಾದೇಶದಲ್ಲಿ ಕೆರೆಕುಂಟೆಗಳ ಹೊಲಸು ನೀರನ್ನು ಕುಡಿದು ಮಕ್ಕಳು ಸಾಯುತ್ತಿದ್ದುದರಿಂದ, 1970ರ ದಶಕದಲ್ಲಿ ಸರಕಾರವೂ ವಿದೇಶೀ ನೆರವಿನ ಸಂಸ್ಥೆಗಳೂ ಹಳ್ಳಿಹಳ್ಳಿಗಳಲ್ಲಿ ಕೊಳವೆಬಾವಿಗಳನ್ನು ಹಾಕಿಸಿದುವು. ನೆಲದೊಳಗಿನ ನೀರು ಶುದ್ಧವಾದುದೆಂಬ ನಂಬಿಕೆಯೇ ಆ ಯೋಜನೆಯ ತಳಹದಿಯು. ರೋಗಾಣುಗಳ ಮಟ್ಟಿಗೆ ಆ ನಂಬಿಕೆಯು ಸತ್ಯವೇ ಆಗಿದ್ದಿತು. ಆದರೆ ಆ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷವಿರುವುದೋ ಎಂದು ಯಾರೂ ಪರೀಕ್ಷಿಸಿರಲಿಲ್ಲ. 1993ರಲ್ಲಿ ಅದು ಬೆಳಕಿಗೆ ಬರುವ ಹೊತ್ತಿಗೆ ಲಕ್ಷಾಂತರ ಬಾವಿಗಳು ತೋಡಲ್ಪಟ್ಟು, ಕೋಟ್ಯಂತರ ಜನರು ಆ ನೀರಿಗೆ ಒಗ್ಗಿಹೋಗಿದ್ದರು.

ಎರಡನೆಯ ದೃಷ್ಟಾಂತವು ಇನ್ನೂ ಸೂಕ್ಷ್ಮವಾದುದು. ತಮಿಳುನಾಡಿನಲ್ಲಿ 1980ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಶಿಶುಪೋಷಣೆಯ ಯೋಜನೆಯೊಂದು ಆರಂಭವಾಯಿತು. ಮಕ್ಕಳನ್ನು ತಿಂಗಳಿಗೊಮ್ಮೆ ತೂಗುವುದು, ತೂಕ ಕುಂದಿದ ಮಗುವಿಗೆ ಆಹಾರ ಕೊಡುವುದು, ತಾಯಿಗೆ ತಿಳುವಳಿಕೆ ಹೇಳುವುದು ಅದರ ಕ್ರಮವು. ಅಲ್ಲಿ ಒಳ್ಳೆಯ ಫಲವು ಕಂಡಿತು. ಅದೇ ಮಾದರಿಯನ್ನು 1995ರಿಂದ ಬಾಂಗ್ಲಾದೇಶದಲ್ಲಿ ಅನುಸರಿಸಿದರು. ತಾಯಂದಿರು ಪಾಠವನ್ನು ಚೆನ್ನಾಗಿಯೇ ಕಲಿತರು. ಆದರೆ ಮಕ್ಕಳ ಪೋಷಣೆಯು ನಿರೀಕ್ಷಿಸಿದಷ್ಟು ಸುಧಾರಿಸಲಿಲ್ಲ. ವಿಚಾರಿಸಿ ನೋಡಲಾಗಿ, ಅಲ್ಲಿಯ ಕೂಡುಕುಟುಂಬಗಳಲ್ಲಿ ಒಲೆಯ ಅಧಿಕಾರವು ಅತ್ತೆಯದು, ಸಂತೆಯ ಅಧಿಕಾರವು ಗಂಡಸಿನದು; ಪಾಠವು ಮಾತ್ರ ಸೊಸೆಗೆ. ‘ತಾಯಿಗೆ ತಿಳಿದರೆ ಮಗುವಿನ ತಟ್ಟೆಗೆ ಬರುವುದು’ ಎಂಬ ಮೆಟ್ಟಿಲೇ ಅಲ್ಲಿ ಇರಲಿಲ್ಲ. ನೆರೆಯೂರಿನಲ್ಲಿ ಫಲಿಸಿದ ಕೆಲಸವು ನಮ್ಮೂರಿನಲ್ಲಿಯೂ ಫಲಿಸೀತೆಂದು ಕಣ್ಣುಮುಚ್ಚಿ ನಂಬುವವರು ಇದನ್ನು ನೆನಪಿನಲ್ಲಿಡತಕ್ಕದ್ದು.

ನಮ್ಮ ರಾಜ್ಯದಲ್ಲಿ ಈ ವಿಚಾರಕ್ಕೆ ಸಮೀಪವಾಗಿ ನಡೆದ ಕಾರ್ಯವೂ ಉಂಟು. 2001ರಿಂದ 2009ರ ವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ನಡೆದ ‘ಸುಜಲ’ ಜಲಾನಯನ ಯೋಜನೆಯಲ್ಲಿ, ಊರವರ ಸಂಘಗಳೇ ಕುಳಿತು ತಮ್ಮ ನೆಲಕ್ಕೆ ತಕ್ಕ ಕೆಲಸಗಳನ್ನು ಗೊತ್ತುಮಾಡಿದುವು. ಫಲವು ಬರುತ್ತಿರುವುದೋ ಇಲ್ಲವೋ ಎಂಬುದನ್ನು ಕೆಲಸದ ಕೊನೆಯಲ್ಲಿ ಅಲ್ಲ, ನಡುನಡುವೆಯೇ ಉಪಗ್ರಹದ ಚಿತ್ರಗಳಿಂದಲೂ ಮನೆಮನೆಯ ವಿಚಾರಣೆಯಿಂದಲೂ ಅಳೆದು ನೋಡುತ್ತಿದ್ದರು. ಹರಿದ ಎಳೆಗೆ ಆಗಿಂದಾಗ್ಗೆ ಗಂಟು ಹಾಕುವ ನೇಕಾರನ ರೀತಿಯು ಇದೇ.

ಊರಿನಲ್ಲಿ ಈ ವಿಚಾರವನ್ನು ನಡೆಸುವ ಕ್ರಮ

ಇನ್ನು ಪ್ರಯೋಗದ ಮಾತು. ಒಂದು ಊರಿನ ತಗ್ಗಿನ ಹೊಲಗಳು ಸವಳಾಗುತ್ತಿರುವುವೆಂದು ಭಾವಿಸೋಣ. ಊರವರು ಸೇರಿ ಬಸಿಗಾಲುವೆಯನ್ನು ತೋಡಿಸಬೇಕೆಂದು ನಿಶ್ಚಯಿಸಿರುವರು. ಹಣವನ್ನು ಎತ್ತುವ ಮೊದಲು ಪ್ರಮುಖರು ಐದು ಪ್ರಶ್ನೆಗಳನ್ನು ಸಭೆಯ ಮುಂದಿಟ್ಟು, ಉತ್ತರಗಳನ್ನು ಪುಸ್ತಕದಲ್ಲಿ ಬರೆಯಿಸತಕ್ಕದ್ದು.

ಒಂದನೆಯದು: ನಮಗೆ ಬೇಕಾದ ಕೊನೆಯ ಫಲವೇನು? ‘ಕಾಲುವೆ ಆಗಬೇಕು’ ಎಂಬುದು ಫಲವಲ್ಲ, ಅದು ಕೆಲಸ. ‘ಐದು ವರ್ಷಗಳಲ್ಲಿ ತಗ್ಗಿನ ಹೊಲಗಳಲ್ಲಿ ಮತ್ತೆ ಜೋಳ ಗೋಧಿಗಳು ಬೆಳೆಯಬೇಕು’ ಎಂಬುದು ಫಲ. ಈ ಭೇದವನ್ನು ಮರೆತುದರಿಂದಲೇ ಎಷ್ಟೋ ಊರುಗಳಲ್ಲಿ ಕಟ್ಟಡಗಳು ಪೂರ್ಣವಾಗಿಯೂ ಕಾರ್ಯಗಳು ಅಪೂರ್ಣವಾಗಿ ಉಳಿದಿರುವುವು.

ಎರಡನೆಯದು: ಆ ಫಲದಿಂದ ಹಿಂದಕ್ಕೆ ಬರುತ್ತ ಮೆಟ್ಟಿಲುಗಳಾವುವು? ಬೆಳೆ ಬರಬೇಕಾದರೆ ಉಪ್ಪು ತೊಳೆದು ಹೋಗಬೇಕು. ಉಪ್ಪು ಹೋಗಬೇಕಾದರೆ ನೀರು ಕೆಳಗಿಳಿದು ಹೊರಗೆ ಹರಿಯಬೇಕು. ಹೊರಗೆ ಹರಿಯಬೇಕಾದರೆ ಹೊಲದೊಳಗಿನ ಬಸಿಗೊಳವೆಯು ಊರ ಹಳ್ಳಕ್ಕೆ ಕೂಡಬೇಕು. ಹಳ್ಳವು ಹೂಳಿಲ್ಲದೆ, ಒತ್ತುವರಿಯಿಲ್ಲದೆ ತೆರವಾಗಿರಬೇಕು. ಹೀಗೆ ಹಿಂದಕ್ಕೆ ಬಂದಾಗಲೇ, ಕೆಲಸವು ಆರಂಭವಾಗಬೇಕಾದುದು ಹೊಲದಲ್ಲಿ ಅಲ್ಲ, ಹಳ್ಳದಲ್ಲಿ ಎಂಬುದು ಗೋಚರವಾಗುವುದು.

ಮೂರನೆಯದು: ಪ್ರತಿ ಮೆಟ್ಟಿಲಿನ ಕೆಳಗೆ ನಾವು ಸುಮ್ಮನೆ ನಂಬಿರುವುದೇನು? ಬಹುಮಂದಿ ಜಿಪ್ಸಂ ಹಾಕಿದರೆ ಸವಳು ಹೋಗುವುದೆಂದು ನಂಬಿರುವರು. ಜಿಪ್ಸಂ ಸೋಡಿಯಂ ಹೆಚ್ಚಿ ಕ್ಷಾರವಾದ ಮಣ್ಣಿಗೆ ಔಷಧವು. ಬರಿಯ ಉಪ್ಪಿನ ಮಣ್ಣಿಗೆ ಅದರಿಂದ ಪ್ರಯೋಜನವಿಲ್ಲ. ಕ್ಷಾರದ ಮಣ್ಣಿಗಾದರೂ ಬಸಿಯುವ ದಾರಿಯಿಲ್ಲದೆ ಹಾಕಿದ ಜಿಪ್ಸಂ ವ್ಯರ್ಥವು. ಆದುದರಿಂದ ಮಣ್ಣಿನ ಪರೀಕ್ಷೆಯನ್ನು ಮಾಡಿಸದೆ ಒಂದು ಚೀಲವನ್ನೂ ಕೊಳ್ಳಬಾರದು. ಪರೀಕ್ಷೆಯ ಕಾಗದ ಬಂದಾಗ ಅಳತೆಯನ್ನು ಯಾವ ಕ್ರಮದಿಂದ ಮಾಡಿದರೆಂದು ಕೇಳಿಕೊಳ್ಳಿರಿ. ಮಣ್ಣಿಗೆ ಎರಡೂವರೆ ಪಾಲು ನೀರು ಕಲಸಿ ಅಳೆದ ಅಂಕವು, ಮೇಲೆ ಹೇಳಿದ ಅಂಕಗಳಿಗಿಂತ ಬಹಳ ಕಡಿಮೆಯಾಗಿ ಕಾಣುವುದು. ಎರಡನ್ನೂ ನೇರವಾಗಿ ಹೋಲಿಸಿ ಮೋಸಹೋಗಬಾರದು.

ನಾಲ್ಕನೆಯದು: ಯಾರ ನಡತೆ ಬದಲಾಗಬೇಕು, ಅವರು ಏಕೆ ಬದಲಾದಾರು? ಇದೇ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಯು. ಮೇಲಿನ ಹೊಲದವನು ಮಿತಿಮೀರಿ ಹಾಯಿಸಿದ ನೀರೇ ಕೆಳಗಿನ ಹೊಲದವನ ಸವಳು. ಮೇಲಿನವನಿಗೆ ನಷ್ಟವಿಲ್ಲ, ಕೆಳಗಿನವನಿಗೆ ಅಧಿಕಾರವಿಲ್ಲ. ಕಾಲುವೆ ತೋಡಿದರೂ ಮೇಲಿನವನು ಹಾಯಿಸುವ ಕ್ರಮವನ್ನು ಬದಲಿಸದಿದ್ದರೆ ಕಾಲುವೆಯು ಸೋಲುವುದು. ಅವನು ಹನಿ ನೀರಾವರಿಯನ್ನು ಹಿಡಿಯುವಂತೆ, ರವದಿಯನ್ನು ಸುಡದೆ ಸಾಲುಗಳಲ್ಲಿ ಹೊದಿಸಿ ತೇವವನ್ನು ಉಳಿಸುವಂತೆ ಒಡಂಬಡಿಸುವ ಹೊಣೆಯು ಯಾರದು? ಇಲ್ಲಿ ಅಧಿಕಾರಿಗಳ ಆಜ್ಞೆಗಿಂತ ಊರ ಹಿರಿಯರ ಮಾತೇ ಹೆಚ್ಚು ನಡೆಯುವುದು. ಅನೇಕ ವೇಳೆ ಮೇಲಿನ ಹೊಲದ ಒಡೆಯರು ಈ ಲೇಖನವನ್ನು ಓದುವ ಮಹನೀಯರೇ ಆಗಿರುವುದರಿಂದ, ಆರಂಭವು ಅವರ ಹೊಲದಿಂದಲೇ ಆಗುವುದು ಶೋಭಾಯಮಾನವು.

ಐದನೆಯದು: ಫಲವು ಬರುತ್ತಿರುವುದೆಂಬ ಗುರುತನ್ನು ಎಲ್ಲಿ, ಎಂದು ನೋಡುವುದು? ಬೆಳೆಯೇ ಹೇಳಲೆಂದು ಕಾಯಬೇಕಾಗಿಲ್ಲ. ಎರಡೂವರೆ ಮೂರು ಮೀಟರು ಆಳಕ್ಕೆ ರಂಧ್ರಗಳುಳ್ಳ ಕೊಳವೆಯೊಂದನ್ನು ಹೊಲದಲ್ಲಿ ನೆಟ್ಟು, ಬಾಯನ್ನು ಮುಚ್ಚಿಟ್ಟು, ತಿಂಗಳಿಗೊಮ್ಮೆ ದಾರಕ್ಕೆ ಭಾರ ಕಟ್ಟಿ ಇಳಿಬಿಟ್ಟರೆ ನೀರಿನ ಮಟ್ಟವು ತಿಳಿಯುವುದು. ಮೇಲಿನ, ನಡುವಿನ, ತಗ್ಗಿನ ಹೊಲಗಳಲ್ಲಿ ಒಂದೊಂದು ಕೊಳವೆಯಿದ್ದರೆ ಸಾಕು. ಮಟ್ಟವು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಮೆಟ್ಟಿಲು ಗಟ್ಟಿಯಾಗಿರುವುದು. ಏರುತ್ತಿದ್ದರೆ ಎಲ್ಲಿಯೋ ಎಳೆ ಹರಿದಿರುವುದು. ಅಂಕಗಳನ್ನು ಪಂಚಾಯತಿಯ ಗೋಡೆಯ ಮೇಲೆ ಬರೆಯಿಸಿದರೆ ಊರಿಗೆಲ್ಲ ತಿಳಿಯುವುದು, ಜಗಳಕ್ಕೂ ಎಡೆಯಿರದು.

ಎಚ್ಚರಿಕೆಯ ಮಾತು

ಈ ಕ್ರಮಕ್ಕೂ ದೋಷವಿಲ್ಲದಿಲ್ಲ. ಕೆಲವು ಕಡೆಗಳಲ್ಲಿ ಮೆಟ್ಟಿಲುಗಳ ಚಿತ್ರವನ್ನು ಅಂದವಾಗಿ ಬರೆದು, ಹಣ ಮಂಜೂರಾದ ಮೇಲೆ ಪೆಟ್ಟಿಗೆಯಲ್ಲಿಟ್ಟು ಮರೆಯುವ ಪದ್ಧತಿಯು ಬೆಳೆದಿರುವುದು. ಅಂಥ ಚಿತ್ರವು ಗೋಡೆಗೆ ತೂಗುಹಾಕಿದ ಹಳೆಯ ಪಂಚಾಂಗಕ್ಕೆ ಸಮಾನವು. ಜೀವನವು ಕಾಗದದಂತೆ ನೇರವಾಗಿ ನಡೆಯುವುದೂ ಇಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆಯು ಉಕ್ಕಿ ತೀರದ ಊರುಗಳನ್ನು ನುಗ್ಗಿದಾಗ, ಎಷ್ಟು ಜನರ ಎಷ್ಟು ವರ್ಷಗಳ ಲೆಕ್ಕಗಳು ನೀರುಪಾಲಾದುವೆಂಬುದನ್ನು ನಾವು ಕಂಡಿರುವೆವು. ಆದುದರಿಂದ ಬರೆದ ಮೆಟ್ಟಿಲುಗಳನ್ನು ಪ್ರತಿ ವರ್ಷವೂ ಸುಗ್ಗಿಯ ತರುವಾಯ ತೆರೆದು ನೋಡಿ, ಸುಳ್ಳಾದ ನಂಬಿಕೆಯನ್ನು ಹೊಡೆದುಹಾಕಿ, ಕಂಡುಕೊಂಡುದನ್ನು ಸೇರಿಸುತ್ತಿರಬೇಕು. ತಪ್ಪನ್ನು ಒಪ್ಪಿಕೊಳ್ಳುವುದರಲ್ಲಿ ಹೀನಾಯವಿಲ್ಲ. ಒಪ್ಪದೆ ಮುಂದುವರಿಸುವುದರಲ್ಲಿ ನಷ್ಟವಿದೆ.

ಮತ್ತೊಂದು ಮಾತು. ಪ್ರಶ್ನೆಗಳಿಗೆ ಉತ್ತರ ಬರೆಯುವಾಗ ಸಭೆಯಲ್ಲಿ ಯಾರು ಕುಳಿತಿರುವರೆಂಬುದನ್ನೂ ಗಮನಿಸಿರಿ. ತಗ್ಗಿನ ಹೊಲದ ಸಣ್ಣ ಹಿಡುವಳಿದಾರನು, ನೀರು ಹಾಯಿಸುವ ಆಳು, ಕಳೆ ಕೀಳುವ ಹೆಣ್ಣುಮಕ್ಕಳು, ಇವರಿಗೆ ತಿಳಿದಿರುವ ಸಂಗತಿಯು ದೊಡ್ಡ ಹಿಡುವಳಿದಾರನಿಗೆ ತಿಳಿದಿರುವುದು ಅಪರೂಪ. ಬಿಳಿಯ ಪುಡಿಯನ್ನು ಮೊದಲು ಕಾಣುವವರು ಅವರೇ. ಅವರನ್ನು ಕೇಳದೆ ಬರೆದ ಲೆಕ್ಕವು, ಅತ್ತೆಯನ್ನು ಬಿಟ್ಟು ಸೊಸೆಗೆ ಮಾತ್ರ ಹೇಳಿದ ಪಾಠದಂತೆಯೇ ಆದೀತು.

ಉಪಸಂಹಾರ

ಚಿಕ್ಕಪಡಸಲಗಿಯ ರೈತರು 1989ರಲ್ಲಿ ತೋರಿಸಿದ ಧೈರ್ಯವು ಈ ಸೀಮೆಯ ಮಣ್ಣಿನಲ್ಲಿ ಇನ್ನೂ ಇರುವುದು. ಬೆವರಿನ ಹನಿಗಳಿಂದ ನದಿಯನ್ನು ನಿಲ್ಲಿಸಿದವರಿಗೆ, ನಿಂತ ನೀರು ಹೊಲವನ್ನು ತಿನ್ನದಂತೆ ಕಾಯುವುದು ಅಸಾಧ್ಯವಾದುದಲ್ಲ. ಮಣ್ಣಿನ ಪರೀಕ್ಷೆಗೂ ಬಸಿಗೊಳವೆಯ ಸಲಹೆಗೂ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಕಾಣಬಹುದು. ಸವಳುಭೂಮಿಯ ಸುಧಾರಣೆಯ ವಿಷಯದಲ್ಲಿ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಬಹುಕಾಲದಿಂದ ಪ್ರಯೋಗಗಳನ್ನು ನಡೆಸಿರುವರು.

ಹೊಲವು ತಂದೆಯಿಂದ ಬಂದುದು, ಮಗನಿಗೆ ಹೋಗತಕ್ಕದ್ದು. ನಡುವೆ ನಾವು ಕೆಲವು ಬೆಳೆಗಳನ್ನು ತೆಗೆದುಕೊಳ್ಳುವೆವು. ಕೊಂಡುದಕ್ಕಿಂತ ಕೆಟ್ಟುದನ್ನು ಬಿಟ್ಟುಹೋಗದಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯ. ಮುಂದಿನ ಗ್ರಾಮಸಭೆಯಲ್ಲಿ ಹಣದ ಮಾತು ಬರುವ ಮೊದಲು ಪ್ರಮುಖರು ಎದ್ದುನಿಂತು ಮೇಲಿನ ಐದು ಪ್ರಶ್ನೆಗಳನ್ನು ಕೇಳಲಿ. ಮತ್ತು ತಮ್ಮ ಹೊಲದಲ್ಲಿಯೇ ಮೊದಲನೆಯ ಕೊಳವೆಯನ್ನು ನೆಡಲಿ.